ಐವತ್ತರ ಬೆವರು

ಮಾರ್ಚ್ 4, ಸೋಮವಾರ. ಬೆಳಿಗ್ಗೆ 11.20

ಎರಡನೆಯ ಶರ್ಟು ಮುಗಿಯಿತು. ಮೂರನೆಯದು ಹಾಕಿಕೊಂಡು ಕೂತಿದ್ದೇನೆ. ಇನ್ನೂ ಊಟದ ಹೊತ್ತೂ ಆಗಿಲ್ಲ. ಒದ್ದೆ ಶರ್ಟನ್ನು ಡ್ರೈವಿಂಗ್ ಸ್ಕೂಲಿನ ಬಾತ್‌ರೂಮಿನಲ್ಲೇ ಒಗೆದು, ಹಿಂಡಿ, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಬ್ಯಾಗಿನ ತಳಕ್ಕೆ ತುರುಕಿದೆ — ಕಳ್ಳಮಾಲಿನ ಹಾಗೆ.

ಬೆಳಿಗ್ಗೆ ಸರ್ಕಲ್ ಹತ್ತಿರ ಬಿಸಿ ಏರಿತು. ಮೊದಲು ಎದೆಗೂಡಿನೊಳಗೆ ಯಾರೋ ಒಲೆ ಹಚ್ಚಿದ ಹಾಗೆ. ಆಮೇಲೆ ಕುತ್ತಿಗೆ, ಕಿವಿ, ನೆತ್ತಿ. ಎರಡೇ ನಿಮಿಷ. ಹಿಂದೆಯೇ ಬೆವರು. ಬೆವರಿನ ಹಿಂದೆಯೇ ಅದು.

ನನ್ನ ಬೆವರಿನ ವಾಸನೆ ನನಗೆ ಗೊತ್ತು. ಹದಿನೆಂಟು ಬೇಸಿಗೆ ಕಾರಿನೊಳಗೆ ಕೂತು ಪಾಠ ಹೇಳಿದವಳು. ಇದು ಅದಲ್ಲ. ಹೆಚ್ಚಿಟ್ಟು ಮರೆತ ಈರುಳ್ಳಿ, ಅದಕ್ಕೆ ಒಂದಿಷ್ಟು ತುಕ್ಕು ಸೇರಿಸಿದ ಹಾಗೆ. ಬೇರೆ ಯಾರೋ ಹೆಂಗಸು ಬಂದು ನನ್ನ ಶರ್ಟು ಹಾಕಿಕೊಂಡು ನನ್ನ ಸೀಟಿನಲ್ಲಿ ಕೂತಿದ್ದಾಳೆ.

ಆಗ ಸ್ಟೀರಿಂಗ್ ಹಿಡಿದಿದ್ದವರು ಬ್ರೇಕ್ ಮೇಷ್ಟ್ರು. ಹೆಸರು ನಾನಿಟ್ಟಿದ್ದು. ನಿವೃತ್ತ ಗಣಿತದ ಮೇಷ್ಟ್ರು, ಅರವತ್ತೊಂದು ವರ್ಷ. ನಾಯಿ ಕಂಡರೆ ಬ್ರೇಕ್, ನಾಯಿಯ ನೆರಳು ಕಂಡರೂ ಬ್ರೇಕ್. ಎರಡು ಸಲ ಟೆಸ್ಟ್ ಫೇಲಾಗಿದ್ದಾರೆ. ಹೆಂಡತಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಬೆಳಿಗ್ಗೆ ಐದಕ್ಕೆ ಬರುತ್ತೇನೆಂದ ಟ್ಯಾಕ್ಸಿ ಕೈಕೊಟ್ಟು ಕೈಕೊಟ್ಟು ಸಾಕಾಗಿ ಈ ವಯಸ್ಸಿನಲ್ಲಿ ಕಲಿಯಲು ಬಂದವರು.

"ಮೇಡಂ, ಎಸಿ ಹಾಕ್ಲಾ? ತುಂಬಾ ಬೆವರ್ತಿದ್ದೀರಿ."

"ಬೇಡ ಮೇಷ್ಟ್ರೇ. ಕಿಟಕಿ ತೆಗೆದಿರ್ಲಿ. ಕಲಿಯೋರಿಗೆ ಹೊರಗಿನ ಸದ್ದು ಕೇಳಿಸ್ಬೇಕು."

ಹದಿನೆಂಟು ವರ್ಷದಲ್ಲಿ ಈ ಮಾತು ಯಾರಿಗೂ ಹೇಳಿದವಳಲ್ಲ. ಪಾಪ, ಅವರು ಕಾರು ನಿಲ್ಲಿಸಿದ ಮೇಲೆ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಮಾರ್ಚ್ 7, ಗುರುವಾರ

ಮುಟ್ಟು ನಿಂತು ಏಳು ತಿಂಗಳು. ನಿಂತಾಗ ಖುಷಿಪಟ್ಟಿದ್ದೆ. ಪೀಡೆ ತೊಲಗಿತು ಎಂದುಕೊಂಡೆ. ಇಂಥದ್ದೊಂದನ್ನು ಬಾಡಿಗೆಗೆ ಬಿಟ್ಟು ಹೋಗುತ್ತದೆಂದು ಯಾರು ಹೇಳಿದ್ದರು?

ಮೂರು ಬಗೆಯ ಡಿಯೋಡರೆಂಟ್ ತಂದೆ. ಒಂದನ್ನು ಹಾಕಿದರೆ ಈರುಳ್ಳಿಗೆ ಹೂವು ಮುಡಿಸಿದ ಹಾಗೆ. ಇನ್ನೊಂದು ಆಸ್ಪತ್ರೆಯ ವರಾಂಡ. ಮೂರನೆಯದು ಇವರ ವಾಸನೆ, ಅಂದರೆ ಗಂಡಸರದ್ದು. ಗೊತ್ತಿಲ್ಲದೆ ತಂದಿದ್ದೆ.

ಮಾರ್ಚ್ 13, ಬುಧವಾರ

ನಾಲ್ಕೈದು ದಿನದ ಹಿಂದೆ ದಿಂಬು ತೆಗೆದುಕೊಂಡು ಹಾಲ್‌ಗೆ ಬಂದೆ. ಸೋಫಾ ಮೇಲೆ ಮಲಗುತ್ತಿದ್ದೇನೆ. "ಅಲ್ಲಿ ಸೆಕೆ" ಅಂದೆ. ಇವರು "ಸರಿ" ಅಂದರು. ಅಷ್ಟೇ. ಇಪ್ಪತ್ತಾರು ವರ್ಷದ ಸಂಸಾರ, "ಸರಿ" ಅಂದರು.

ಇವರದು ಮರಗೆಲಸ. ದಿನವಿಡೀ ವಾರ್ನಿಷ್, ಗೋಂದು, ಮರದ ಪುಡಿ. ಅವರ ಮೂಗಿಗೆ ಏನೂ ಗೊತ್ತಾಗುವುದಿಲ್ಲ ಎಂದುಕೊಂಡು ಧೈರ್ಯವಾಗಿದ್ದೆ. ಈಗ ಅನುಮಾನ. ಅವತ್ತಿನಿಂದ ನನ್ನ ಹತ್ತಿರ ಬಂದರೆ ಒಂದು ಮೊಳ ದೂರದಲ್ಲೇ ನಿಲ್ಲುತ್ತಾರೆ…

ಮಾರ್ಚ್ 19, ಮಂಗಳವಾರ. ರಾತ್ರಿ 8

ಬೆಳಿಗ್ಗೆ ಕಾರಿನ ಬಾಗಿಲು ತೆಗೆದೆ. ಕನ್ನಡಿಗೆ ಮೂರು ಸುಗಂಧದ ಡಬ್ಬಿ ನೇತು ಹಾಕಿದ್ದಾರೆ. ಒಂದಲ್ಲ. ಮೂರು. ನಿಂಬೆ, ನಿಂಬೆ, ಮತ್ತೊಂದು ನಿಂಬೆ.

ಹಾಕಿದವರು ಸಣ್ಣ ಯಜಮಾನರು. ಸ್ಕೂಲು ಕಟ್ಟಿದ್ದು ಅವರ ಅಪ್ಪ, ನನಗೆ ಕೆಲಸ ಕೊಟ್ಟಿದ್ದೂ ಅವರೇ. ಈಗ ಮಗ ನೋಡಿಕೊಳ್ಳುತ್ತಾನೆ. ಅವನಿಗೆ ಹದಿನೆಂಟಾದಾಗ ಕ್ಲಚ್ ಬಿಡುವುದು ಹೇಳಿಕೊಟ್ಟವಳು ನಾನು. ಇವತ್ತು ಆಫೀಸಿಗೆ ಹೋದರೆ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ.

"ಅಕ್ಕ, ಆ ಬ್ಯಾಂಕಿನ ಹುಡುಗಿನ ಬೇರೆ ಕಾರಿಗೆ ಹಾಕಿದ್ದೀನಿ. ಟೈಮಿಂಗ್ ಸರಿ ಹೋಗ್ತಿಲ್ಲವಂತೆ."

"ಅವಳ ಟೈಮು ಬೆಳಿಗ್ಗೆ ಒಂಬತ್ತು. ನಂದೂ ಒಂಬತ್ತೇ."

"ಹೂಂ… ಅದೇ. ಏನೋ ಅವರದ್ದು."

ಅವನ ಕಿವಿ ಕೆಂಪಗಿತ್ತು. ನನಗೆ ಗೊತ್ತಾಯಿತು. ನನಗೆ ಗೊತ್ತಾಯಿತೆಂದು ಅವನಿಗೂ ಗೊತ್ತಾಯಿತು. ಇಬ್ಬರೂ ಟೈಮಿಂಗ್ ಬಗ್ಗೆ ಇನ್ನೆರಡು ಮಾತಾಡಿದೆವು.

ಮನೆಗೆ ಬಂದು ಕಂಕುಳನ್ನು ಪಾತ್ರೆ ತಿಕ್ಕುವ ನಾರಿನಿಂದ ತಿಕ್ಕಿದೆ. ರಕ್ತ ಜಿನುಗಿತು. ಈಗ ಕೈ ಇಳಿಬಿಟ್ಟರೆ ಉರಿ, ಎತ್ತಿದರೆ ನಾಚಿಕೆ.

ಮಾರ್ಚ್ 25, ಸೋಮವಾರ. ಮಧ್ಯಾಹ್ನ 2

ಅಕ್ಷರ ಸೊಟ್ಟ.

ಅಂಚೆ ಕಚೇರಿಯ ತಿರುವು. ಬ್ರೇಕ್ ಮೇಷ್ಟ್ರು ಸ್ಟೀರಿಂಗ್ ಅತಿಯಾಗಿ ತಿರುಗಿಸಿದರು. ಎದುರಿಗೆ ಸೈಕಲ್ ಮೇಲೆ ಅಂಚೆಯವನು. ನಾನು ಕೈ ಚಾಚಿ ಸ್ಟೀರಿಂಗ್ ನೇರ ಮಾಡಬೇಕಿತ್ತು. ಅದೇ ನನ್ನ ಕೆಲಸ. ದಿನಕ್ಕೆ ಇಪ್ಪತ್ತು ಸಲ, ಯೋಚಿಸದೆ ಮಾಡುವ ಕೆಲಸ.

ಮಾಡಲಿಲ್ಲ. ಆಗಷ್ಟೇ ಬಿಸಿ ಏರಿತ್ತು, ಶರ್ಟು ಒದ್ದೆ. ಕೈ ಎತ್ತಿದರೆ ವಾಸನೆ ಬರುತ್ತದೆಂದು ತೋಳನ್ನು ಪಕ್ಕೆಗೆ ಒತ್ತಿಕೊಂಡು ಕೂತಿದ್ದೆ. ಒಂದು ಕ್ಷಣ — ಒಂದೇ ಒಂದು ಕ್ಷಣ — ಅದೇ ಹೆಚ್ಚಾಯಿತು. ನನ್ನ ಕಾಲ ಬಳಿಯ ಬ್ರೇಕ್ ಒತ್ತಿದೆ, ತಡವಾಗಿ. ಕಾರಿನ ಪಕ್ಕದ ಕನ್ನಡಿ ಅವನ ಮೊಣಕೈಗೆ ಬಡಿಯಿತು. ಬಿದ್ದ. ಕಾಗದಗಳೆಲ್ಲ ರಸ್ತೆಯಲ್ಲಿ.

ದೊಡ್ಡ ಪೆಟ್ಟಾಗಿಲ್ಲ. ಮೊಣಕೈ ತರಚಿದೆ. ಬೈದ, ಎದ್ದ, ನಾವು ಆರಿಸಿಕೊಟ್ಟ ಕಾಗದಗಳನ್ನು ಎಣಿಸಿಕೊಂಡು ಹೋದ.

ಮೇಷ್ಟ್ರು ಫುಟ್‌ಪಾತಿನ ಮೇಲೆ ಕುಸಿದು ಕೂತರು. "ನನ್ನ ತಪ್ಪು ಮೇಡಂ. ಮನುಷ್ಯನನ್ನ ಕೊಂದುಬಿಡ್ತಿದ್ದೆ. ಸಾಕು. ಇನ್ನು ನಂಗೆ ಬೇಡ ಇದು."

ನಾನು ಏನು ಹೇಳಬೇಕಿತ್ತು? ತಪ್ಪು ನನ್ನದು ಎನ್ನಬೇಕಿತ್ತು. "ಆಗುತ್ತೆ ಮೇಷ್ಟ್ರೇ, ಕಲಿಯುವಾಗ ಇದೆಲ್ಲ ಆಗುತ್ತೆ" ಎಂದೆ.

ಮಾರ್ಚ್ 26, ಮಂಗಳವಾರ

ರಜೆ ಅರ್ಜಿ ಕೊಟ್ಟೆ. ಕಾರಣ: ಬೆನ್ನುನೋವು. ಎಷ್ಟು ದಿನ ಎಂಬ ಜಾಗ ಖಾಲಿ ಬಿಟ್ಟೆ. ಸಣ್ಣ ಯಜಮಾನ ಏನೂ ಕೇಳದೆ ಸಹಿ ಹಾಕಿದ. ಹಗುರಾದವನ ಹಾಗೆ ಕಂಡ. ಮೇಷ್ಟ್ರು ಫೋನ್ ಮಾಡಿ ಕೋರ್ಸ್ ಬಿಟ್ಟರಂತೆ.

ಏಪ್ರಿಲ್ 6, ಶನಿವಾರ. ಸಂಜೆ 4

ಬರೆಯದೆ ಹನ್ನೊಂದು ದಿನ. ಬರೆಯಲು ಏನಿತ್ತು? ಸ್ನಾನ, ಬಟ್ಟೆ, ಸ್ನಾನ.

ಇವತ್ತು ಬರೆಯಲೇಬೇಕು.

ಅತ್ತೆಗೆ ಎಪ್ಪತ್ತೆಂಟು. ಕಣ್ಣು ಮಂಜು. ದಿನವಿಡೀ ಹಾಲ್‌ನ ಕಿಟಕಿ ಪಕ್ಕದ ಕುರ್ಚಿಯಲ್ಲಿ ರೇಡಿಯೋ ಕೇಳುತ್ತಾ ಕೂತಿರುತ್ತಾರೆ. ನಾನು ಒಣಗಿದ ಬಟ್ಟೆ ಮಡಿಸುತ್ತಿದ್ದೆ. ಅವರು ರೇಡಿಯೋ ಆರಿಸಿದರು.

"ಇವತ್ತು ಎಷ್ಟು ಸಲ ಸ್ನಾನ ಆಯ್ತು?"

"ಎರಡು ಅತ್ತೆ."

"ನಾಲ್ಕು. ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ಬೆನ್ನುನೋವು ಅಂತ ಮನೇಲಿ ಕೂತೋಳು ತುಂಬಿದ ಬಕೆಟ್ ಎತ್ಕೊಂಡು ಓಡಾಡ್ತೀಯಲ್ಲೇ?"

ಮಡಿಸಿದ ಟವೆಲನ್ನೇ ಮತ್ತೆ ಮಡಿಸಿದೆ.

"ಬಾ, ಇಲ್ಲಿ ಕೂತ್ಕೋ. ಪಕ್ಕದಲ್ಲಿ. ಅಷ್ಟು ದೂರ ಅಲ್ಲ."

ಕೂತೆ, ತೋಳು ಬಿಗಿಹಿಡಿದುಕೊಂಡು.

"ನಾನು ಯಾಕೆ ಕೆಲಸ ಬಿಟ್ಟೆ, ಗೊತ್ತಾ ನಿಂಗೆ?"

ಗೊತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ನಲವತ್ತೊಂಬತ್ತಕ್ಕೆ ಮೊಣಕಾಲು ನೋವು ಬಂದು ಬಿಟ್ಟರು. ಈಗಲೂ ಬಂದವರೆಲ್ಲ ಮೊದಲು ಕೇಳುವುದು ಮೊಣಕಾಲಿನ ಕ್ಷೇಮ.

"ನನ್ನ ಮೊಣಕಾಲಿಗೆ ಏನೂ ಆಗಿರ್ಲಿಲ್ಲ ಕಣೇ."

"ಅತ್ತೆ?"

"ಕಲ್ಲಿನ ಹಾಗಿತ್ತು. ಈಗ್ಲೂ ಇದೆ. ಎಂಟು ಕುರ್ಚಿ ಒಂದೇ ಸಾಲಲ್ಲಿ, ಮೊಣಕೈಗೆ ಮೊಣಕೈ ತಾಗೋ ಹಾಗೆ. ಎದುರಿಗೆ ಬೋರ್ಡು. ಯಾರಿಗೆ ಲೈನ್ ಕೊಡ್ಬೇಕೋ ಆ ತೂತಿಗೆ ವೈರು ಚುಚ್ಬೇಕು. ಮೇಲಿನ ಸಾಲಿಗೆ ಚುಚ್ಬೇಕಂದ್ರೆ ಕೈ ಎತ್ಲೇಬೇಕು. ನಾನು ಕೈ ಎತ್ತಿದಾಗೆಲ್ಲ ಪಕ್ಕದೋಳು ಮುಖ ಆ ಕಡೆ ತಿರುಗಿಸೋಳು. ಒಂದು ಸಲ, ಎರಡು ಸಲ… ಆಮೇಲೆ ನಾನು ಮೇಲಿನ ಸಾಲಿನ ಕಾಲ್ ತಗೊಳ್ಳೋದನ್ನೇ ಬಿಟ್ಟೆ. ಜನ ಹಲೋ ಹಲೋ ಅಂತಿರೋರು, ನಾನು ಕೈ ಕಟ್ಕೊಂಡು ಕೂತಿರ್ತಿದ್ದೆ."

ಆ ತಿರುವು, ಆ ಅಂಚೆಯವನು.

"ಮಾವನವರಿಗೆ ಹೇಳಲಿಲ್ವಾ?"

"ಏನಂತ ಹೇಳ್ಲಿ? ನಾನು ಕೊಳೀತಿದ್ದೀನಿ ಅಂತ್ಲಾ? ಹಾಗೇ ಅಂದ್ಕೊಂಡಿದ್ದೆ. ಒಳಗೆ ಏನೋ ಕೊಳೆತಿದೆ, ಇನ್ನು ಜಾಸ್ತಿ ದಿನ ಇಲ್ಲ ನಾನು ಅಂತ. ಮೂರ್ನಾಲ್ಕು ವರ್ಷಕ್ಕೆ ಅದರಷ್ಟಕ್ಕೆ ಅದೇ ಹೋಯ್ತು. ಅಷ್ಟೊತ್ತಿಗೆ ಕೆಲಸಾನೂ ಹೋಗಿತ್ತು." ಆರಿಸಿದ ರೇಡಿಯೋ ಸವರುತ್ತಾ, "ನಂಗೆ ಆ ಕೆಲಸ ಅಂದ್ರೆ ಪ್ರಾಣ ಆಗಿತ್ತು ಕಣೇ" ಎಂದರು.

ಇಪ್ಪತ್ತಾರು ವರ್ಷ ಒಂದೇ ಸೂರಿನಡಿ ಇದ್ದೇವೆ. ಅವರಿಗೆ ಏನಾದರೂ ಪ್ರಾಣವಾಗಿತ್ತೆಂದು ಕೇಳಿದ್ದು ಇವತ್ತೇ.

ನಾನು ಅತ್ತುಬಿಟ್ಟೆ, ಅತ್ತು ಮುಗಿಸಿ ಅಂಚೆಯವನ ವಿಷಯ, ಮೇಷ್ಟ್ರ ವಿಷಯ ಎಲ್ಲಾ ಹೇಳಿದೆ. ಅತ್ತೆ ಕೈಯಿಂದ ತಡಕಾಡಿ ನನ್ನ ತೋಳು ಹಿಡಿದು, ಮೂಗು ಹತ್ತಿರ ತಂದು, ಜೋರಾಗಿ ಮೂಸಿದರು. ನಾನು ಹೌಹಾರಿದೆ.

"ಸೋಪು" ಎಂದರು. "ಬರೀ ಸೋಪು. ಚರ್ಮ ಸುಲಿದುಕೊಂಡಿದ್ದೀಯ. ಸೋಮವಾರ ಡಾಕ್ಟರ ಹತ್ರ ಹೋಗು. ಬೆನ್ನುನೋವಿಗಲ್ಲ."

ಏಪ್ರಿಲ್ 8, ಸೋಮವಾರ

ಹೆಂಗಸು ಡಾಕ್ಟರು. ಕಾಯುವ ಕೋಣೆಯಲ್ಲಿ ಕೂತು ಹೇಗೆ ಹೇಳಬೇಕೆಂದು ಹತ್ತು ಸಲ ಬಾಯಿಪಾಠ ಮಾಡಿದೆ. ಒಳಗೆ ಹೋದಾಗ ಎಲ್ಲಾ ಮರೆತು, "ಡಾಕ್ಟ್ರೇ, ನಾನು ನಾರ್ತೀನಿ" ಅಂದೆ.

ನಗಲಿಲ್ಲ. ಪೆನ್ನು ಕೆಳಗಿಟ್ಟು ಕೇಳಿದರು. "ಈ ತಿಂಗಳು ಈ ಮಾತು ಹೇಳಿದೋರಲ್ಲಿ ನೀವು ಮೂರನೆಯೋರು."

ಮೂರನೆಯವಳು! ಉಳಿದಿಬ್ಬರು ಯಾರಿರಬಹುದು? ಬಸ್ಸಿನಲ್ಲಿ ಬರುವಾಗ ನನ್ನ ವಯಸ್ಸಿನ ಹೆಂಗಸರನ್ನೆಲ್ಲ ನೋಡುತ್ತಾ ಬಂದೆ.

ಅವರು ಹೇಳಿದ್ದು, ನೆನಪಿರುವಷ್ಟು: ಹಾರ್ಮೋನು ಇಳಿಯುವಾಗ ಮೈಯ ಶಾಖದ ಹತೋಟಿ ಏರುಪೇರಾಗುತ್ತದೆ. ಸ್ವಲ್ಪಕ್ಕೇ ಬೆವರು. ಹಾರ್ಮೋನುಗಳ ಪ್ರಮಾಣ ಬದಲಾದಂತೆ ಬೆವರಿನ ವಾಸನೆಯೂ ಬದಲಾಗಬಹುದು. ಗಾಬರಿಯಿಂದ ಬರುವ ಬೆವರು ಇನ್ನೂ ಕಟು. ಅಂದರೆ ಹೆದರಿದಷ್ಟೂ ಹೆಚ್ಚು. ಕೆಲವರಿಗೆ ಮೂಗೂ ಚುರುಕಾಗುತ್ತದಂತೆ. ನನಗೆ ಗೊತ್ತಾಗುವಷ್ಟು ಬೇರೆಯವರಿಗೆ ಗೊತ್ತಾಗದೆಯೂ ಇರಬಹುದು.

"ಹಾಗಾದ್ರೆ ಎಲ್ಲಾ ನನ್ನ ಭ್ರಮೆನಾ?"

"ಅಲ್ಲ. ನಿಜವಾಗಿಯೂ ಇದೆ. ನೀವು ಅಂದ್ಕೊಂಡಷ್ಟು ಇಲ್ಲ. ಎರಡೂ ನಿಜ."

ರಕ್ತ ಪರೀಕ್ಷೆಗೆ ಬರೆದರು: ಥೈರಾಯ್ಡ್, ಸಕ್ಕರೆ. ಉಜ್ಜುವುದು ನಿಲ್ಲಿಸಬೇಕು. ಗಾಯ ಮಾಗಿದ ಮೇಲೆ ಬೆವರು ಕಡಿಮೆ ಮಾಡುವ ಮುಲಾಮು, ಮಲಗುವ ಮುಂಚೆ, ಒಣ ಚರ್ಮಕ್ಕೆ. ಕಾಫಿ ಕಡಿಮೆ. ಯೂನಿಫಾರ್ಮ್ ಯಾವ ಬಟ್ಟೆ ಎಂದು ಕೇಳಿದರು. ಪಾಲಿಯೆಸ್ಟರ್ ಎಂದೆ. ತಲೆ ಚಚ್ಚಿಕೊಂಡರು. ಇಷ್ಟಕ್ಕೂ ಸರಿಹೋಗದಿದ್ದರೆ ಹಾರ್ಮೋನ್ ಚಿಕಿತ್ಸೆಯ ಮಾತಾಡೋಣ, ಹೆದರಬೇಡಿ ಎಂದರು.

ಕಾಫಿ ಒಂದೇ ಸಂಕಟ.

ಏಪ್ರಿಲ್ 10, ಬುಧವಾರ. ರಾತ್ರಿ 10

ಬೆಳಿಗ್ಗೆ ಇವರು ಕೆಲಸಕ್ಕೆ ಹೊರಡುವ ಮುಂಚೆ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತೆ.

"ರೀ, ಒಂದು ಕೇಳ್ತೀನಿ. ನಿಜ ಹೇಳ್ಬೇಕು. ನನ್ನ ಮೈ ವಾಸನೆ ಬದಲಾಗಿದೆಯಾ?"

ಡಬ್ಬಿಯ ಮುಚ್ಚಳ ತೆಗೆದರು, ಹಾಕಿದರು. "ಆಗಿದೆ."

"ಯಾವಾಗಿಂದ?"

"ಜನವರಿ ಇರ್ಬೇಕು."

"ಮತ್ತೆ ಹೇಳ್ಲಿಲ್ಲ?"

"ಹೇಳೋದೇನು? ಮರಕ್ಕೆ ವಯಸ್ಸಾದ್ರೆ ವಾಸನೆ ಬದಲಾಗಲ್ವಾ? ತೇಗ ಹಳೇದಾದಷ್ಟೂ…"

"ತೇಗಕ್ಕೆ ಈರುಳ್ಳಿ ವಾಸನೆ ಬರುತ್ತಾ?"

ಸಿಕ್ಕಿಬಿದ್ದರು. ನಕ್ಕೆವು. ಆಮೇಲೆ ಅವರು ನಗು ನಿಲ್ಲಿಸಿ, "ಅದಕ್ಕಾ ನೀನು ಹಾಲ್‌ಗೆ ಹೋಗಿದ್ದು?" ಎಂದರು.

"ಮತ್ತಿನ್ನೇನು?"

"ನನ್ನ ವಾರ್ನಿಷ್ ವಾಸನೆ ತಡೆಯೋಕಾಗ್ದೆ ಹೋದೆ ಅಂದ್ಕೊಂಡೆ. ಅದಕ್ಕೇ ಒಂದು ತಿಂಗಳಿಂದ ವರ್ಕ್‌ಶಾಪಲ್ಲೇ ಸ್ನಾನ ಮಾಡ್ಕೊಂಡು ಬರ್ತಿದ್ದೀನಿ. ತೊಟ್ಟಿ ನೀರು. ತಣ್ಣಗೆ ಕೊರೀತದೆ."

ನಾನು ಇಲ್ಲಿ ನಾಲ್ಕು ಸಲ, ಅವರು ಅಲ್ಲಿ ಒಂದು ಸಲ. ಒಂದು ಮೊಳ ದೂರ ನಿಲ್ಲುತ್ತಿದ್ದುದೂ ಅದಕ್ಕೇ. ಎಂಥಾ ಪೆದ್ದು ಜೋಡಿ. ಹಾಲ್‌ನಿಂದ ಅತ್ತೆ ಕೂಗಿದರು: "ನೀರು ಖಾಲಿಯಾಗೋದ್ರೊಳಗೆ ಇಬ್ರೂ ಮಾತಾಡ್ಕೊಂಡ್ರಲ್ಲ, ಸದ್ಯ!"

ದಿಂಬು ವಾಪಸ್ಸು ಹೋಯಿತು. ಫ್ಯಾನಿನ ಕಡೆಯ ಜಾಗ ನನಗೆ ಬಿಟ್ಟುಕೊಟ್ಟಿದ್ದಾರೆ.

ಏಪ್ರಿಲ್ 15, ಸೋಮವಾರ

ಸ್ಕೂಲಿಗೆ ಹೋದೆ. ಅರ್ಜಿ ವಾಪಸ್ ಕೇಳಿದೆ. "ಬೆನ್ನುನೋವು ಸುಳ್ಳು" ಎಂದೆ. ಸಣ್ಣ ಯಜಮಾನ ಮತ್ತೆ ಕಂಪ್ಯೂಟರಿಗೆ ಮುಖ ಹಾಕಿದ.

"ಇಲ್ಲಿ ನೋಡು." ಬಾಯಿಗೆ 'ನೀನು' ಬಂದುಬಿಟ್ಟಿತು, ಕ್ಲಚ್ ಕಲಿಸುವಾಗಿನ ಹಾಗೆ. "ನಂಗೆ ಮುಟ್ಟು ನಿಲ್ತಾ ಇದೆ. ಅದಕ್ಕೇ ಬೆವರು, ಅದಕ್ಕೇ ವಾಸನೆ. ಔಷಧಿ ತಗೊಳ್ತಿದ್ದೀನಿ. ನಿನಗೆ ಏನಾದ್ರೂ ಗೊತ್ತಾದ್ರೆ ನನಗೆ ಹೇಳು. ಕನ್ನಡಿಗೆ ಹೇಳ್ಬೇಡ."

ಕಿವಿ ಮಾತ್ರವಲ್ಲ, ಕುತ್ತಿಗೆಯೂ ಕೆಂಪಾಯಿತು. "ಅಕ್ಕ… ಸಾರಿ ಅಕ್ಕ. ಹೇಗೆ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ. ನಿಮ್ಗೆ ಬೇಕಿದ್ರೆ ಆಫೀಸಲ್ಲೇ ಕೂತ್ಕೊಳ್ಳಿ. ಫೋನು, ರಿಜಿಸ್ಟರು…"

"ನಾನು ಕಾರಲ್ಲೇ ಕೂರ್ತೀನಿ."

"ಸರಿ."

"ಕಾಟನ್ ಶರ್ಟು ಬೇಕು. ಸೀಟ್ ಕವರ್ ಒಗೆಸಿ ಎಷ್ಟು ವರ್ಷ ಆಯ್ತು?"

ಯೋಚಿಸಿದ. ಅಪ್ಪನ ಕಾಲದ್ದು ಎಂದು ಒಪ್ಪಿಕೊಂಡ. ಸಂಜೆಯೊಳಗೆ ಐದೂ ಕಾರುಗಳ ಕವರು ಬಿಚ್ಚಿಸಿದ. ಒಗೆದ ನೀರು ಡೀಸೆಲ್ ಬಣ್ಣಕ್ಕಿತ್ತು. ಹದಿನೆಂಟು ವರ್ಷದ ಎಲ್ಲರ ಬೆವರೂ ಅದರಲ್ಲಿತ್ತು. ಬರೀ ನನ್ನದಲ್ಲ.

ಏಪ್ರಿಲ್ 16, ಮಂಗಳವಾರ

ಇದು ಎಲ್ಲಕ್ಕಿಂತ ಕಷ್ಟದ್ದು.

ಮೇಷ್ಟ್ರ ಮನೆ ಮೂರನೆಯ ಮಹಡಿ. ಹೆಂಡತಿ ದಿವಾನದ ಮೇಲೆ ಒರಗಿದ್ದರು, ಡಯಾಲಿಸಿಸ್ ಮುಗಿಸಿ ಬಂದ ದಿನ. ತೋಳಿನ ಮೇಲೆ ಹತ್ತಿ, ಪಟ್ಟಿ. ಬೆಳಿಗ್ಗೆ ಟ್ಯಾಕ್ಸಿ ಸಿಗಲು ಮುಕ್ಕಾಲು ಗಂಟೆ ಬೀದಿಯಲ್ಲಿ ನಿಂತಿದ್ದರಂತೆ.

"ಮೇಷ್ಟ್ರೇ, ಅವತ್ತಿನ ತಪ್ಪು ನಿಮ್ದಲ್ಲ."

"ಸಮಾಧಾನ ಹೇಳ್ಬೇಡಿ ಮೇಡಂ."

"ಸಮಾಧಾನ ಅಲ್ಲ. ನೀವು ತಿರುಗಿಸಿದ್ದು ಹೆಚ್ಚಾಯ್ತು, ನಿಜ. ಕಲಿಯೋರು ಎಲ್ರೂ ತಿರುಗಿಸ್ತಾರೆ. ಸರಿ ಮಾಡೋಕೆ ಅಂತ್ಲೇ ನಾನು ಪಕ್ಕದಲ್ಲಿ ಕೂತಿರೋದು. ನಾನು ಕೈ ಚಾಚಲಿಲ್ಲ." ಮುಂದಿಟ್ಟಿದ್ದ ನೀರು ಕುಡಿದೆ. "ನಂಗೆ ಈಚೆಗೆ ಬೆವರು ಜಾಸ್ತಿ, ವಾಸನೆ. ವಯಸ್ಸಿನದ್ದು. ಕೈ ಎತ್ತಿದ್ರೆ ನಿಮ್ಗೆ ಗೊತ್ತಾಗುತ್ತೆ ಅಂತ ಎತ್ತಲಿಲ್ಲ."

ಮೇಷ್ಟ್ರು ನನ್ನನ್ನೇ ನೋಡಿದರು, ತಪ್ಪು ಉತ್ತರಕ್ಕೆ ಕಾರಣ ಹುಡುಕುವವರ ಹಾಗೆ. "ಒಬ್ಬ ಮನುಷ್ಯನ ಜೀವ, ಮೇಡಂ."

"ಹೌದು."

"ನಾನು ಮೂರು ವಾರ ನಿದ್ದೆ ಮಾಡಿಲ್ಲ."

"ಗೊತ್ತು. ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ."

ದಿವಾನದಿಂದ ಹೆಂಡತಿ ನಿಧಾನವಾಗಿ ಹೇಳಿದರು: "ನಂಗೆ ನಲವತ್ತೇಳಕ್ಕೆ ಶುರುವಾಗಿತ್ತು. ಇವರಿಗೆ ಇವತ್ತಿನವರೆಗೂ ಗೊತ್ತಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಅವರನ್ನು ನೋಡಿದರು. ನನ್ನನ್ನು ನೋಡಿದರು. ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡು ಅಂದರು: "ಮೂವತ್ತೊಂದು ವರ್ಷ ಪಿ.ಟಿ. ಪೀರಿಯಡ್ ಆದ ತಕ್ಷಣ ನಂದೇ ಗಣಿತ. ಐವತ್ತು ಹುಡುಗ್ರು, ಒಂದು ಕಿಟಕಿ. ವಾಸನೆಗೆ ಹೆದರೋನಾಗಿದ್ರೆ ಒಂದು ಲೆಕ್ಕಾನೂ ಹೇಳ್ಕೊಡೋಕೆ ಆಗ್ತಿರ್ಲಿಲ್ಲ. ನೀವು ಧಾರಾಳವಾಗಿ ಕೈ ಎತ್ತಿ ಮೇಡಂ. ಸೋಮವಾರ ಎಷ್ಟು ಗಂಟೆಗೆ ಬರ್ಲಿ?"

ಮೆಟ್ಟಿಲು ಇಳಿಯುವಾಗ ಕಾಲು ಹಗುರ. ಅಂಚೆಯವನನ್ನೂ ಹುಡುಕಿ ಮಾತಾಡಿಸಿದೆ. ಮೊಣಕೈ ವಾಸಿಯಾಗಿದೆ. ನನ್ನನ್ನು ನೋಡಿ ಸೈಕಲ್ ಇಳಿದು ಫುಟ್‌ಪಾತ್ ಹತ್ತಿ ನಿಂತ.

ಮೇ 3, ಶುಕ್ರವಾರ

ಕೆಟ್ಟ ದಿನ. ಮೂರು ಸಲ ಬಿಸಿ ಏರಿತು. ಮುಲಾಮು, ಹತ್ತಿ ಬಟ್ಟೆ ಯಾವುದೂ ಲೆಕ್ಕಕ್ಕಿಲ್ಲ. ಮಧ್ಯಾಹ್ನ ಬಾತ್‌ರೂಮಿನ ಸಿಂಕಿನಲ್ಲಿ ಶರ್ಟು ಒಗೆಯುತ್ತಿದ್ದೆ. ಬ್ಯಾಂಕಿನ ಹುಡುಗಿ ಒಳಗೆ ಬಂದಳು. ಕನ್ನಡಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು.

"ಮೇಡಂ, ಕಾರು ಬದಲಿಸಿ ಅಂತ ನಾನೇ ಹೇಳಿದ್ದು."

"ಗೊತ್ತು."

"ನಿಮ್ಮ ಹತ್ರ ನೇರವಾಗಿ ಹೇಳೋಕೆ ಧೈರ್ಯ ಬರ್ಲಿಲ್ಲ."

"ನನಗೂ ಬರ್ತಿರ್ಲಿಲ್ಲ, ನಿನ್ನ ಜಾಗದಲ್ಲಿ ಇದ್ದಿದ್ರೆ."

ಶರ್ಟಿನ ಇನ್ನೊಂದು ತುದಿ ಹಿಡಿದು ಹಿಂಡಿಕೊಟ್ಟಳು. ಅಷ್ಟೇ. ನನ್ನ ಕಾರಿಗೆ ವಾಪಸ್ಸು ಬರುತ್ತೇನೆ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಸ್ವಲ್ಪ ನೋವಾಯಿತು. ಆದರೆ ಒದ್ದೆ ಶರ್ಟನ್ನು ಇವತ್ತು ಗಂಟು ಕಟ್ಟಿ ಬಚ್ಚಿಡಲಿಲ್ಲ. ಹಿತ್ತಲಿನ ತಂತಿಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಒಣಹಾಕಿದೆ.

ಮೇ 12, ಭಾನುವಾರ. ಮಧ್ಯಾಹ್ನ 2

ಅತ್ತೆ ಹಳೆಯ ಡೈರಿ ತೆಗೆಸಿ ಒಂದು ನಂಬರು ಹುಡುಕಿಸಿದರು. ಎಕ್ಸ್‌ಚೇಂಜಿನಲ್ಲಿ ಪಕ್ಕದ ಕುರ್ಚಿಯವರು, ಮುಖ ತಿರುಗಿಸುತ್ತಿದ್ದವರು. ಮನೆಯ ನಂಬರು, ಇನ್ನೂ ಇದೆ! ಸ್ಪೀಕರ್ ಹಾಕಿಕೊಟ್ಟೆ.

ಆ ಕಡೆಯಿಂದ ಮೊದಲ ಮಾತೇ: "ಅಯ್ಯೋ, ನೀನೇನೇ? ಮೊಣಕಾಲು ಹೇಗಿದೆ?"

ಅತ್ತೆ ಕುರ್ಚಿಯ ಕೈ ಬಿಗಿಯಾಗಿ ಹಿಡಿದರು. "ಮೊಣಕಾಲಿಗೆ ಏನೂ ಆಗಿರ್ಲಿಲ್ಲ. ಅವಾಗ ನನ್ನ ಮೈ ವಾಸನೆ ಬರ್ತಿತ್ತು. ನೀನು ಮುಖ ತಿರುಗಿಸ್ತಿದ್ದೆ. ಅದಕ್ಕೇ ಬಿಟ್ಟೆ."

ಲೈನು ಕಟ್ಟಾಯಿತೇನೋ ಎಂದು ನಾನು ಫೋನ್ ನೋಡಿದೆ.

"ನಿನ್ನ ವಾಸನೆಗಲ್ಲ ಕಣೇ ತಿರುಗಿಸಿದ್ದು" ಎಂದಿತು ಆ ಮುದಿ ಧ್ವನಿ. "ನಂಗೂ ಆಗ ಅದೇ ಶುರುವಾಗಿತ್ತು. ನೀನು ಕೈ ಎತ್ತಿ ಈ ಕಡೆ ವಾಲಿದಾಗೆಲ್ಲ ನಂದು ನಿಂಗೆ ಗೊತ್ತಾಗುತ್ತೆ ಅಂತ ಆ ಕಡೆ ಸರೀತಿದ್ದೆ."

ಇಬ್ಬರೂ ನಗಲು ಶುರುಮಾಡಿದರು. ಅತ್ತೆ ಇಷ್ಟು ನಕ್ಕಿದ್ದು ನಾನು ನೋಡಿಲ್ಲ. ಕಣ್ಣಲ್ಲಿ ನೀರು, ಹೊಟ್ಟೆ ಹಿಡಿದುಕೊಂಡು. ನಗು ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ. ನಾನು ಫೋನ್ ಅವರ ಮಡಿಲಲ್ಲಿಟ್ಟು ಹೊರಗೆ ಬಂದೆ. ಒಂದೂಮುಕ್ಕಾಲು ಗಂಟೆ ಮಾತಾಡಿದ್ದಾರೆ. ಊಟಕ್ಕೆ ಕರೆದರೆ ಕೈಸನ್ನೆಯಲ್ಲಿ ಹೋಗೆಂದರು.

ಮೇ 17, ಶುಕ್ರವಾರ

ಮೇಷ್ಟ್ರು ಪಾಸ್.

ರಿವರ್ಸ್ ಪಾರ್ಕಿಂಗ್‌ನಲ್ಲಿ ಒಂದೇ ಒಂದು ಅನಗತ್ಯ ಬ್ರೇಕ್. ಇನ್ಸ್‌ಪೆಕ್ಟರ್ "ಯಾಕೆ ಹಾಕಿದ್ರಿ?" ಎಂದು ಕೇಳಿದರಂತೆ. "ಅಭ್ಯಾಸಬಲ" ಎಂದರಂತೆ. ಕಾಗದ ಕೈಗೆ ಸಿಕ್ಕಿದ್ದೇ ಹೆಂಡತಿಗೆ ಫೋನ್ ಮಾಡಿ, "ನಾಳೆ ಬೆಳಿಗ್ಗೆ ಐದಕ್ಕೆ ನಿನ್ನ ಡ್ರೈವರ್ ರೆಡಿ" ಎಂದರು. ನಾನು ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟಿದೆ, ಶರ್ಟು ಒದ್ದೆಯಾಗಿದ್ದಾಗಲೇ. ಎತ್ತಿದ ಮೇಲೆ ನೆನಪಾಯಿತು.

ರಕ್ತ ಪರೀಕ್ಷೆ ಸರಿಯಿದೆ. ಬಿಸಿ ಏರುವುದು ನಿಂತಿಲ್ಲ, ಆದರೆ ದಿನಕ್ಕೆ ಒಂದೋ ಎರಡೋ. ವಾಸನೆಯೂ ಪೂರ್ತಿ ಹೋಗಿಲ್ಲ. ಇರಲಿ, ಈಗ ಮುಖಪರಿಚಯವಾಗಿದೆ.

ಮೇ 27, ಸೋಮವಾರ. ಬೆಳಿಗ್ಗೆ 11.10

ಅಭ್ಯಾಸದ ಮೈದಾನ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇವತ್ತು ಹೊಸಬರು: ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವರು, ನನ್ನ ವಯಸ್ಸೇ. ಕಾರಿಗೆ ಹತ್ತಿದ್ದೇ ನಾಲ್ಕೂ ಕಿಟಕಿ ಇಳಿಸಿದರು. ಕೈಯಲ್ಲಿ ಕರವಸ್ತ್ರ, ತೋಳು ಪಕ್ಕೆಗೆ ಅಂಟಿಕೊಂಡಿದೆ. "ಸಾರಿ ಮೇಡಂ, ಒಲೆ ಮುಂದಿಂದ ಬಂದೆ, ಅದಕ್ಕೆ…" ಎಂದು ಮೂರು ಸಲ ಹೇಳಿದರು.

ನಾನು ಗೇರ್ ತೋರಿಸುವುದಕ್ಕೆ ಮೊದಲೇ ಹೇಳಿದೆ: "ನಂಗೆ ಐವತ್ತು. ಮಧ್ಯೆ ಮಧ್ಯೆ ಬೆವರಿ ನೀರಾಗ್ತೀನಿ, ವಾಸನೇನೂ ಬರುತ್ತೆ. ಆದ್ರೆ ಸ್ಟೀರಿಂಗ್‌ಗೆ ಕೈ ಹಾಕ್ಬೇಕಾದಾಗ ಹಾಕೇ ಹಾಕ್ತೀನಿ. ನೀವು ತಪ್ಪು ತಿಳೀಬಾರ್ದು."

ಬಾಯಿ ತೆರೆದು ನೋಡಿದರು. ಕರವಸ್ತ್ರ ಮಡಿಲಿಗೆ ಬಿತ್ತು. "ನಿಮ್ಗೂನಾ?" ಎಂದರು. ಅವರ ಭುಜ ಎರಡಿಂಚು ಕೆಳಗಿಳಿದದ್ದು ಕಣ್ಣಾರೆ ನೋಡಿದೆ. ಡಾಕ್ಟರ ನಂಬರು ಬರೆದುಕೊಟ್ಟೆ. ಹತ್ತು ನಿಮಿಷ ಪಾಠವೇ ಆಗಲಿಲ್ಲ, ಬರೀ ಮಾತು.

ಈಗ ಎಂಜಿನ್ ಆಫ್ ಮಾಡಿ, ಕ್ಲಚ್ ಒತ್ತಿ ಗೇರ್ ಬದಲಿಸುವುದನ್ನು ಅಭ್ಯಾಸ ಮಾಡುತ್ತಿರಿ ಎಂದು ಕೂರಿಸಿ ಬಂದಿದ್ದೇನೆ. ಒಬ್ಬರೇ ನಗುತ್ತಾ ಒಂದು, ಎರಡು, ಮೂರು ಎಂದು ಜೋರಾಗಿ ಹೇಳಿಕೊಳ್ಳುತ್ತಿದ್ದಾರೆ. ಕೈ ಚೆನ್ನಾಗಿದೆ. ದೊಡ್ಡ ಪಾತ್ರೆ ಇಳಿಸಿದ ಕೈ, ಗೇರು ಇವರಿಗೆ ಲೆಕ್ಕಕ್ಕಿಲ್ಲ. ಎರಡು ತಿಂಗಳಲ್ಲಿ ಖಂಡಿತ ಟೆಸ್ಟ್ ಪಾಸು ಮಾಡ್ತಾರೆ, ಬೇಕಿದ್ದರೆ ಬರೆದು

ಅರೆ, ಕಾರು ಸರೀತಿದೆಯಾ? ಇಳಿಜಾರಿನ ಕಡೆ… ಹ್ಯಾಂಡ್‌ಬ್ರೇಕ್ ಯಾಕೆ ತೆಗೆದರು ಈ ಮಹಾತಾಯಿ, ಓಡಬೇಕು, ಪೆನ್ನು